ಗಾಳಿಗಳ ಸಂಧಿಯೂ ನಮ್ಮ ಸೀಮೆಯ ಮಳೆಯೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯ ಮಾತನ್ನಾಡದ ಮನೆಯೊಂದೂ ಇರಲಾರದು. ಮಲೆನಾಡಿನವರು ಮಳೆ ಎಂದು ನಿಂತೀತೋ ಎಂದು ಕೇಳುವರು. ನಮ್ಮವರು ಎಂದು ಬಂದೀತೋ ಎಂದು ಕೇಳುವರು. ಆಷಾಢಮಾಸದಲ್ಲಿ ಪಡುವಣ ಗಾಳಿಗೆ ಮೋಡಗಳು ದಿನವೆಲ್ಲ ತಲೆಯ ಮೇಲೆ ಓಡುತ್ತಲೇ ಇರುತ್ತವೆ. ಒಂದು ಹದ ಮಳೆ ಬೀಳುವುದಿಲ್ಲ. ಚೈತ್ರ ವೈಶಾಖಗಳಲ್ಲಿಯಾದರೋ, ಬೆಳಗಿನಿಂದ ನಿರ್ಮಲವಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಮೇಲೆ ಕಾರ್ಮೋಡವೆದ್ದು, ಗಾಳಿ ಗುಡುಗು ಸಿಡಿಲುಗಳೊಡನೆ ಸುರಿದು, ಒಂದು ಗಂಟೆಯಲ್ಲಿ ಹಳ್ಳಗಳನ್ನು ಹರಿಸಿ ಹೋಗುತ್ತದೆ. ಅದೂ ಈ ಊರಿನಲ್ಲಿ ಸುರಿದರೆ ಕೂಗಳತೆಯ ದೂರದ ಪಕ್ಕದ ಊರಿನಲ್ಲಿ ಧೂಳು ಕೂಡ ಅಡಗಿರುವುದಿಲ್ಲ.

ಇದನ್ನು ಕಂಡು, ಮಳೆಯ ಮನಸ್ಸನ್ನು ಬಲ್ಲವರಾರು ಎಂದು ಸುಮ್ಮನಾಗುವುದು ಸುಲಭ. ಆದರೆ ಸಾಲ ತಂದು ಬೀಜವನ್ನು ನೆಲಕ್ಕೆ ಹಾಕುವವನಿಗೆ ಹಾಗೆ ಸುಮ್ಮನಿರಲು ಬರುವುದಿಲ್ಲ. ಬಂದ ಮಳೆ ಯಾವ ಜಾತಿಯದು, ಅದರ ಹಿಂದೆ ಮತ್ತೊಂದು ಬರುವ ಸಂಭವವುಂಟೇ ಎಂಬುದರ ಮೇಲೆ ಆ ಮನೆಯ ವರ್ಷದ ಅನ್ನ ನಿಂತಿದೆ. ಆದುದರಿಂದ ಮಳೆಯ ನಡತೆಯಲ್ಲಿ ಕ್ರಮವೇನಾದರೂ ಇದೆಯೇ ಎಂದು ವಿಚಾರಿಸುವುದು ಗೃಹಸ್ಥರಿಗೆ ಅವಶ್ಯವಾದ ಕೆಲಸ. ಕ್ರಮವು ನಿಶ್ಚಯವಾಗಿಯೂ ಇದೆ. ಅದನ್ನು ಒಂದೇ ಮಾತಿನಲ್ಲಿ ಹೇಳಬಹುದು: ನಮ್ಮ ಸೀಮೆಗೆ ಯಾವ ಗಾಳಿಯೂ ಒಂಟಿಯಾಗಿ ಮಳೆಯನ್ನು ಕೊಡುವುದಿಲ್ಲ, ಎರಡು ಗಾಳಿಗಳು ಕೂಡಿದಾಗಲೇ ಇಲ್ಲಿ ಚೆನ್ನಾಗಿ ಮಳೆಯಾಗುತ್ತದೆ. ಈ ಮಾತನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ವಾಯುರಾಶಿ ಎಂದರೇನು?

ಗಾಳಿಗೆ ತನ್ನದೇ ಆದ ಗುಣವೆಂಬುದಿಲ್ಲ. ತಾನು ನೆಲೆಸಿದ ಸ್ಥಳದ ಗುಣವೇ ಅದಕ್ಕೆ ಬರುತ್ತದೆ. ಅಡುಗೆಯ ಮನೆಯಲ್ಲಿ ನಾಲ್ಕು ದಿನ ತೂಗುಹಾಕಿದ ವಸ್ತ್ರಕ್ಕೆ ಹೊಗೆಯ ವಾಸನೆ ಹತ್ತುವಂತೆ, ವಿಸ್ತಾರವಾದ ಒಂದು ಪ್ರದೇಶದ ಮೇಲೆ ಹಲವು ದಿನಗಳವರೆಗೆ ಅಲುಗಾಡದೆ ನಿಂತ ಗಾಳಿಗೆ ಆ ಪ್ರದೇಶದ ಶಾಖವೂ ತೇವವೂ ಹತ್ತಿಕೊಳ್ಳುತ್ತವೆ. ಮರಳುಗಾಡಿನ ಮೇಲೆ ನಿಂತ ಗಾಳಿ ಒಣಗಿ ಕಾಯುತ್ತದೆ. ಸೈಬೀರಿಯದ ಹಿಮದ ಮೇಲೆ ನಿಂತುದು ಒಣಗಿ ಕೊರೆಯುತ್ತದೆ. ಬೆಚ್ಚಗಿನ ಕಡಲಿನ ಮೇಲೆ ನಿಂತುದು ನೀರಿನ ಆವಿಯನ್ನು ಹೀರಿ ಭರಿತವಾಗುತ್ತದೆ. ಹೀಗೆ ನೂರಾರು, ಕೆಲವು ವೇಳೆ ಸಾವಿರಾರು ಕಿಲೋಮೀಟರುಗಳ ವಿಸ್ತಾರದಲ್ಲಿ ಒಂದೇ ಬಗೆಯ ಶಾಖ ತೇವಗಳನ್ನು ಪಡೆದ ಗಾಳಿಯ ಮೊತ್ತಕ್ಕೆ ವಾಯುರಾಶಿಯೆಂದು ಹೆಸರು. ಅದು ತನ್ನ ಹುಟ್ಟೂರನ್ನು ಬಿಟ್ಟು ಹೊರಟರೂ ಆ ಗುಣಗಳನ್ನು ಬಹಳ ದೂರದವರೆಗೆ ಹೊತ್ತು ತರುತ್ತದೆ.

ಗಾಳಿಯು ಹೊರಬಲ್ಲ ಆವಿಗೆ ಒಂದು ಮಿತಿಯುಂಟು. ಆ ಮಿತಿ ಶಾಖವನ್ನು ಅವಲಂಬಿಸಿದೆ. ಒಂದು ಘನ ಮೀಟರಿನಷ್ಟು ಗಾಳಿ ೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೩೦ ಗ್ರಾಂ ಆವಿಯನ್ನು ಹಿಡಿಯಬಲ್ಲುದು. ೨೦ ಡಿಗ್ರಿಗೆ ಇಳಿದರೆ ಸುಮಾರು ೧೭ ಗ್ರಾಂ. ೧೦ ಡಿಗ್ರಿಯಲ್ಲಿ ಒಂಬತ್ತೇ ಗ್ರಾಂ. ಮಿಕ್ಕುದನ್ನು ಅದು ನೀರಾಗಿ ಕೆಳಗಿಡಲೇಬೇಕು. ಬೇಸಗೆಯಲ್ಲಿ ತಣ್ಣೀರು ತುಂಬಿದ ಹಿತ್ತಾಳೆಯ ಚೆಂಬಿನ ಹೊರಮೈ ಬೆವರುವುದನ್ನು ಎಲ್ಲರೂ ಬಲ್ಲರು. ಆ ನೀರು ಚೆಂಬಿನ ಒಳಗಿನಿಂದ ಬಂದುದಲ್ಲ; ಸುತ್ತಲಿನ ಗಾಳಿ ತಣ್ಣನೆಯ ಲೋಹವನ್ನು ಮುಟ್ಟಿ ತನ್ನ ಹೊರೆಯನ್ನು ಇಳಿಸಿದುದು. ಆಕಾಶದಲ್ಲಿ ಮೋಡವಾಗುವುದೂ ಇದೇ ನ್ಯಾಯದಿಂದ.

ಆದರೆ ಆಕಾಶದಲ್ಲಿ ತಣ್ಣನೆಯ ಚೆಂಬು ಎಲ್ಲಿದೆ? ಗಾಳಿ ಮೇಲಕ್ಕೇರಿದರೆ ತಾನಾಗಿಯೇ ತಣ್ಣಗಾಗುತ್ತದೆ. ಮೇಲೆ ಹೋದಂತೆಲ್ಲ ಸುತ್ತಲಿನ ವಾಯುಭಾರ ಕಡಿಮೆಯಾಗಿ, ಏರುವ ಗಾಳಿ ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನ ಶಾಖವನ್ನೇ ವೆಚ್ಚಮಾಡುತ್ತದೆ. ಸೈಕಲ್ಲಿನ ಚಕ್ರಕ್ಕೆ ಗಾಳಿ ಒತ್ತುವಾಗ ಪಂಪು ಬಿಸಿಯಾಗುವುದಷ್ಟೆ? ಇದು ಅದರ ತಿರುಗುಮುರುಗು. ಮೋಡ ಕಟ್ಟದಿರುವ ಗಾಳಿ ಒಂದು ಕಿಲೋಮೀಟರು ಏರಿದರೆ ಸುಮಾರು ೧೦ ಡಿಗ್ರಿ ತಣಿಯುತ್ತದೆ. ಒಂದು ಕಿಲೋಮೀಟರು ಇಳಿದರೆ ಅಷ್ಟೇ ಕಾಯುತ್ತದೆ. ಆದುದರಿಂದ ಏರುವ ಗಾಳಿ ಮಳೆಯ ತಾಯಿ. ಇಳಿಯುವ ಗಾಳಿ ಬರದ ತಾಯಿ. ಮಳೆಯ ವಿಚಾರವೆಲ್ಲವೂ ಕಡೆಗೆ, ತೇವವುಳ್ಳ ಗಾಳಿಯನ್ನು ಮೇಲಕ್ಕೆತ್ತುವವರು ಯಾರು ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಎತ್ತಬಲ್ಲವು ಮೂರು: ಅಡ್ಡ ನಿಂತ ಬೆಟ್ಟದ ಸಾಲು, ನೆಲದ ಕಾವು, ಇನ್ನೊಂದು ಗಾಳಿಯ ಒತ್ತು.

ಗಾಳಿಗಳ ಮುಖಾಮುಖಿ

ಮೂರನೆಯದನ್ನು ಮೊದಲು ಸ್ಪಷ್ಟವಾಗಿ ಕಂಡವರು ನಾರ್ವೆ ದೇಶದ ಪಂಡಿತರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಂದ ಬರುತ್ತಿದ್ದ ಹವಾ ವರ್ತಮಾನದ ತಂತಿಗಳು ಆ ದೇಶಕ್ಕೆ ನಿಂತುಹೋದುವು. ೧೯೧೭ರಲ್ಲಿ ಬರ್ಗನ್ ಪಟ್ಟಣಕ್ಕೆ ಬಂದ ವಿಲ್‌ಹೆಲ್ಮ್ ಬ್ಯರ್ಕ್‌ನೆಸ್ ಎಂಬ ವಿದ್ವಾಂಸರು ಅದಕ್ಕೆ ಪ್ರತಿಯಾಗಿ ತಮ್ಮ ದೇಶದೊಳಗೇ ಒತ್ತೊತ್ತಾಗಿ ಗಾಳಿ, ಶಾಖ, ಮೋಡಗಳನ್ನು ನೋಡಿ ಬರೆದಿಡುವ ಠಾಣೆಗಳನ್ನು ಏರ್ಪಡಿಸಿದರು. ಅವರ ಮಗ ಯಾಕೋಬ್ ಬ್ಯರ್ಕ್‌ನೆಸ್ ೧೯೧೯ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಆ ಬರಹಗಳ ಸಾರವನ್ನು ತೋರಿಸಿದರು. ಹಾಲ್ವರ್ ಸೋಲ್‌ಬರ್ಗ್, ತೋರ್ ಬರ್ಗೆರೋನ್ ಎಂಬವರು ಅದನ್ನು ಬೆಳೆಸಿದರು.

ಅವರು ಕಂಡುದೇನೆಂದರೆ: ಎರಡು ವಾಯುರಾಶಿಗಳು ಎದುರಾದಾಗ ಎಣ್ಣೆಯೂ ನೀರೂ ಬೆರೆಯದೆ ನಿಲ್ಲುವಂತೆ ಅವೂ ಸುಲಭವಾಗಿ ಬೆರೆಯುವುದಿಲ್ಲ. ನಡುವೆ ಒಂದು ಗಡಿ ಉಂಟಾಗುತ್ತದೆ. ಯುದ್ಧದಲ್ಲಿ ಎರಡು ಸೈನ್ಯಗಳು ಮುಖಾಮುಖಿಯಾಗಿ ನಿಂತ ಸಾಲನ್ನು ಆ ಕಾಲದ ಜನರು ದಿನಬೆಳಗಾದರೆ ಪತ್ರಿಕೆಗಳಲ್ಲಿ ಓದುತ್ತಿದ್ದುದರಿಂದ, ಈ ಗಡಿಗೂ ಅದೇ ಹೆಸರು ಬಂದಿತು. ನಾವು ಅದನ್ನು ವಾಯುಮುಖವೆನ್ನೋಣ. ತಣ್ಣನೆಯ ಗಾಳಿ ಭಾರವಾದುದರಿಂದ ಕತ್ತಿಯ ಅಲಗಿನಂತೆ ನೆಲಕ್ಕಂಟಿ ನುಗ್ಗುತ್ತದೆ. ಬೆಚ್ಚನೆಯ ಗಾಳಿ ಹಗುರವಾದುದರಿಂದ ಅದರ ಬೆನ್ನನ್ನು ಹತ್ತುತ್ತದೆ. ಬೆಚ್ಚನೆಯದು ತಾನೇ ಮುಂದುವರಿದು ಹತ್ತುವಲ್ಲಿ ಆ ಇಳಿಜಾರು ಬಹಳ ಸಣ್ಣದು: ನೂರರಿಂದ ಇನ್ನೂರು ಕಿಲೋಮೀಟರು ಹೋದರೆ ಒಂದು ಕಿಲೋಮೀಟರು ಏರಿದಂತೆ. ಆದುದರಿಂದ ಮಳೆಯೂ ಸೌಮ್ಯ. ಬಹು ದೂರದವರೆಗೆ ಹರಡಿ ಗಂಟೆಗಟ್ಟಲೆ ಜಿನುಗುತ್ತದೆ. ಇದು ಉಷ್ಣಮುಖ. ತಣ್ಣನೆಯದು ನುಗ್ಗಿ ಬಂದಲ್ಲಿ ಇಳಿಜಾರು ಕಡಿದು. ಎದುರಿನ ಗಾಳಿಯನ್ನು ಎತ್ತಿ ಒಗೆದಂತಾಗಿ, ಕಿರಿದಾದ ಪಟ್ಟೆಯಲ್ಲಿ ಗುಡುಗು ಬಿರುಗಾಳಿಗಳೊಡನೆ ಮಳೆ ಧುಮುಕುತ್ತದೆ. ಇದು ಶೀತಮುಖ.

ಇಂಥ ವಾಯುಮುಖಗಳು ನಮ್ಮ ದೇಶಕ್ಕೂ ಬರುತ್ತವೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ವಾಯುಕ್ಷೋಭೆಗಳು ಕಾಶ್ಮೀರದಲ್ಲಿ ಹಿಮವನ್ನೂ ಪಂಜಾಬಿನಲ್ಲಿ ಗೋಧಿಗೆ ಬೇಕಾದ ಮಳೆಯನ್ನೂ ತರುತ್ತವೆ. ಆದರೆ ಅವು ನಮ್ಮ ಸೀಮೆಯವರೆಗೆ ಇಳಿಯುವುದಿಲ್ಲ. ಸಮಭಾಜಕಕ್ಕೆ ಸಮೀಪವಾದ ನಾಡುಗಳಲ್ಲಿ ಅಕ್ಕಪಕ್ಕದ ವಾಯುರಾಶಿಗಳ ಶಾಖದಲ್ಲಿ ದೊಡ್ಡ ಭೇದವಿರುವುದಿಲ್ಲ. ಹಿಂದೆ ಪಂಡಿತರು ಮುಂಗಾರಿನ ಗಡಿಯನ್ನೂ ಇಂಥದೇ ಒಂದು ಮುಖವೆಂದು ಎಣಿಸಿ ಪರೀಕ್ಷಿಸಿದುದುಂಟು. ೧೯೪೭ರಲ್ಲಿ ಸಾಯರ್ ಎಂಬ ಆಂಗ್ಲ ವಿದ್ವಾಂಸರು ವಾಯವ್ಯ ಭಾರತದ ಮೇಲಣ ಆ ಗಡಿಯ ರಚನೆಯನ್ನು ವಿವರಿಸಿದರು. ತರುವಾಯ ಉಷ್ಣವಲಯದಲ್ಲಿ ಮುಖವೆಂಬ ಮಾತು ಹಿಂದೆ ಸರಿದು, ಗಾಳಿಗಳು ಕೂಡುವ ಪಟ್ಟೆ ಎಂಬ ಮಾತು ರೂಢಿಗೆ ಬಂದಿತು. ನಮ್ಮಲ್ಲಿ ಕೂಡುವ ಎರಡು ಗಾಳಿಗಳನ್ನು ಬೇರ್ಪಡಿಸುವುದು ಬಿಸಿ ತಂಪುಗಳಿಗಿಂತ ಹೆಚ್ಚಾಗಿ ಒಣಗು ತೇವಗಳು. ಇದನ್ನು ವಾಚಕರು ಮುಖ್ಯವಾಗಿ ನೆನಪಿನಲ್ಲಿಡಬೇಕು.

ಎರಡು ಕಡಲುಗಳ ನಡುವಣ ನಾಡು

ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಕೊರಟಗೆರೆಯೂ ಆಗುಂಬೆಯೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿರುವುದು ಕಾಣುತ್ತದೆ. ಎರಡೂ ಹದಿಮೂರೂವರೆ ಡಿಗ್ರಿಯ ರೇಖೆಯ ಬಳಿಯಲ್ಲಿವೆ. ನಡುವೆ ಇರುವುದು ನೇರ ದಾರಿಯಲ್ಲಿ ಸುಮಾರು ೨೩೦ ಕಿಲೋಮೀಟರು. ಒಂದೇ ಸೂರ್ಯನ ಕೆಳಗೆ, ಒಂದೇ ಪಡುವಣ ಗಾಳಿಯ ದಾರಿಯಲ್ಲಿರುವ ಈ ಎರಡು ಊರುಗಳಲ್ಲಿ ಆಗುಂಬೆಗೆ ವರ್ಷಕ್ಕೆ ೭೦೦೦ ಮಿಲ್ಲಿಮೀಟರಿಗೂ ಮೀರಿದ ಮಳೆ, ಎಂದರೆ ಸುಮಾರು ೨೭೫ ಅಂಗುಲ. ನಮ್ಮ ನಾಲ್ಕು ತಾಲ್ಲೂಕುಗಳ ಪಾಲಿಗೆ ಸಾಮಾನ್ಯ ವರ್ಷದಲ್ಲಿ ಬರುವುದು ೬೦೦ ಮಿಲ್ಲಿಮೀಟರಿನ ಆಸುಪಾಸು, ಎಂದರೆ ಸುಮಾರು ೨೪ ಅಂಗುಲ. ಅವುಗಳಲ್ಲಿ ಬಹುಭಾಗ ಆಂಧ್ರದ ಸೀಮೆಯಿಂದ ಸುತ್ತುವರಿದಿರುವ ಪಾವಗಡಕ್ಕೆ ಇನ್ನೂ ಕಡಿಮೆ.

ಪಡುವಣ ಕಡಲಿಗೆ ಇಲ್ಲಿಂದ ಸುಮಾರು ೨೭೦ ಕಿಲೋಮೀಟರು; ಮೂಡಣ ಕಡಲಿಗೆ ಮುನ್ನೂರಕ್ಕೂ ಹೆಚ್ಚು. ಪಡುವಣ ಗಾಳಿ ಬರಬೇಕಾದರೆ ಪಶ್ಚಿಮಘಟ್ಟವನ್ನು ಹತ್ತಿ ಇಳಿಯಬೇಕು. ಮೂಡಣ ಗಾಳಿ ಬರಬೇಕಾದರೆ ರಾಯಲಸೀಮೆಯ ಕಾದ ಬಂಡೆಗಳನ್ನು ದಾಟಬೇಕು. ಉತ್ತರದಿಂದ ಬರುವುದೋ ದಖ್ಖನಿನ ಒಣ ಗಾಳಿ. ಹೀಗೆ ಮೂರು ಮನೆಗಳ ಬಾಗಿಲು ತೆರೆಯುವ ಒಂದು ಅಂಗಳದಂತಿದೆ ನಮ್ಮ ಸೀಮೆ. ವರ್ಷದ ಯಾವ ಕಾಲದಲ್ಲಿ ಯಾವ ಬಾಗಿಲು ತೆರೆದಿರುತ್ತದೆ ಎಂಬುದನ್ನು ನೋಡೋಣ.

ಭರಣಿಯ ಮಳೆ

ಮಾರ್ಚಿ ತಿಂಗಳಿನಲ್ಲಿ ಉತ್ತರ ವಾಯವ್ಯಗಳ ಒಣ ಗಾಳಿಯದೇ ಆಳಿಕೆ. ತುಟಿ ಬಿರಿಯುತ್ತದೆ, ಹಪ್ಪಳ ಸಂಡಿಗೆಗಳು ಒಂದೇ ಬಿಸಿಲಿಗೆ ಒಣಗುತ್ತವೆ, ಉಪ್ಪಿನ ಜಾಡಿಯಲ್ಲಿ ಕಲ್ಲುಪ್ಪು ಗಲಗಲ ಎನ್ನುತ್ತದೆ. ಆಕಾಶದಲ್ಲಿ ಮೋಡದ ಸುಳಿವಿಲ್ಲ. ನೆಲ ಎಷ್ಟು ಕಾದರೂ ಮಳೆಯಿಲ್ಲ. ಏಕೆಂದರೆ ಏರುವ ಗಾಳಿಯಲ್ಲಿ ಇಳಿಸುವುದಕ್ಕೆ ಹೊರೆಯೇ ಇಲ್ಲ. ಒಂಟಿ ಗಾಳಿಯ ಆಳಿಕೆಗೆ ಇದು ಮೊದಲನೆಯ ನಿದರ್ಶನ.

ಏಪ್ರಿಲ್ ತಿಂಗಳು ಕಾಲಿಟ್ಟ ಮೇಲೆ ಬಂಗಾಳಕೊಲ್ಲಿಯ ಮೇಲೆ ವಾಯುಭಾರ ಹೆಚ್ಚಾಗಿ ನಿಂತು, ಅಲ್ಲಿಂದ ತೇವವುಳ್ಳ ತೆಂಕಣ ಹಾಗೂ ಆಗ್ನೇಯ ಗಾಳಿ ಒಳನಾಡಿನ ಕಡೆಗೆ ತೆವಳುತ್ತದೆ. ಇತ್ತ ದಖ್ಖನಿನ ಒಣ ಗಾಳಿ ಇನ್ನೂ ಬಿಟ್ಟುಕೊಟ್ಟಿಲ್ಲ. ಈ ಎರಡೂ ಕೂಡುವ ಗಡಿಯು ಮಧ್ಯ ಭಾರತದಿಂದ ಮರಾಠವಾಡದ ಸುಮಾರಿನಲ್ಲಿ ಹಾದು, ಕರ್ಣಾಟಕದ ಒಳನಾಡಿನ ಮೇಲಾಗಿ ತಮಿಳುನಾಡು ಕೇರಳಗಳ ಕಡೆಗೆ ಚಾಚುತ್ತದೆ. ನೆಲದಿಂದ ಸುಮಾರು ಒಂದು ಕಿಲೋಮೀಟರಿನ ಎತ್ತರದಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ. ಹವಾಮಾನ ಇಲಾಖೆಯವರು ಬೇಸಗೆಯಲ್ಲಿ ಹೊರಡಿಸುವ ವರ್ತಮಾನಗಳಲ್ಲಿ ಗಾಳಿಯ ದಿಕ್ಕು ಮುರಿಯುವ ಗೆರೆಯೆಂದು ಪದೇ ಪದೇ ಬರುವುದು ಇದೇ. ದಿನದಿಂದ ದಿನಕ್ಕೆ ಇದು ಪೂರ್ವಪಶ್ಚಿಮವಾಗಿ ಸರಿಯುತ್ತಿರುತ್ತದೆ. ನಮ್ಮ ಸೀಮೆ ಇದರ ತೇವದ ಮಗ್ಗುಲಿಗೆ ಬಿದ್ದ ದಿನ ಮಳೆಯ ಸಂಭವ ಹೆಚ್ಚು. ಒಣ ಮಗ್ಗುಲಿಗೆ ಬಿದ್ದ ದಿನ ಬರಿಯ ಬಿಸಿಲು.

ತೇವದ ಗಾಳಿ ನೆಲದ ಹತ್ತಿರವೂ ಒಣ ಗಾಳಿ ಅದರ ಮೇಲೂ ಇರುವ ದಿನಗಳಲ್ಲಿ, ಒಲೆಯ ಮೇಲಿಟ್ಟ ಪಾತ್ರೆಗೆ ತಟ್ಟೆ ಮುಚ್ಚಿದಂತಾಗುತ್ತದೆ. ಬೆಳಗಿನಿಂದ ಕಾವು ಒಳಗೇ ಕೂಡುತ್ತದೆ. ಸುಮಾರು ಮೂರು ಗಂಟೆಯ ಹೊತ್ತಿಗೆ ತಟ್ಟೆ ಎಲ್ಲಾದರೂ ಒಂದು ಕಡೆ ತೆರೆದರೆ, ತಡೆದು ನಿಂತಿದ್ದ ಆವಿಯೆಲ್ಲ ಅಲ್ಲಿಂದಲೇ ಮೇಲಕ್ಕೆ ನುಗ್ಗುತ್ತದೆ. ಬಂಡೆಗಳು ಬೇಗ ಕಾಯುವುದರಿಂದ ತಟ್ಟೆ ಮೊದಲು ತೆರೆಯುವುದು ಅನೇಕ ವೇಳೆ ಬೆಟ್ಟಗಳ ಮೇಲೆ. ೩೯೩೦ ಅಡಿಯ ಮಧುಗಿರಿಯ ಏಕಶಿಲೆ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಮಿಡಿಗೇಶಿ, ನಿಡಗಲ್ಲು ಇವುಗಳ ನೆತ್ತಿಯ ಮೇಲೆ ಹೂಕೋಸಿನಂಥ ಬೆಳ್ಮೋಡ ಗೋಪುರವಾಗಿ ಬೆಳೆಯುವುದನ್ನು ಬಯಲಿನವರು ಎಷ್ಟೋ ಸಲ ನೋಡಿರುವರು. ಆ ಗೋಪುರ ಹನ್ನೆರಡು ಹದಿನೈದು ಕಿಲೋಮೀಟರಿನವರೆಗೂ ಏರುವುದುಂಟು. ನಮಗೆ ಆಲಿಕಲ್ಲು ಬೀಳುವುದು ಅಂಥ ಮೋಡಗಳಿಂದಲೇ.

ಭರಣಿ ಮಳೆ ಧರಣಿ ಬೆಳೆ ಎಂಬ ಗಾದೆಯನ್ನು ಕಟ್ಟಿದ ರೈತರು ಏಪ್ರಿಲ್ ಕೊನೆಯ ಈ ಮಳೆಯ ಬೆಲೆಯನ್ನು ಚೆನ್ನಾಗಿ ಬಲ್ಲವರು. ನೆಲ ಉಳುವುದಕ್ಕೆ, ಕಳೆಯ ಬೀಜ ಮೊಳೆಯಿಸಿ ಕೊಲ್ಲುವುದಕ್ಕೆ, ಹುಣಸೆ ಮಾವುಗಳ ಬೇರು ತಣಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಳೆಯಿಲ್ಲ. ಆದರೆ ಇದು ಗಾಳಿಗಳ ಸಂಧಿಯಲ್ಲಿ ಹುಟ್ಟಿದ ಬಿಡಿ ಮಳೆ. ಇದರ ಹಿಂದೆ ಸಾಲಾಗಿ ಬೇರೆ ಮಳೆಗಳು ನಿಂತಿರುತ್ತವೆಂದು ತಿಳಿಯಬಾರದು.

ಮಳೆಗಾಳಿ

ಬಿಡಿ ಮಳೆಯೆಂದೆವಷ್ಟೆ? ಈ ಊರಿಗೆ ಬಂದು ಆ ಊರಿಗೆ ಬಾರದಿರುವ ಕಾರಣವನ್ನು ಇಲ್ಲಿಯೇ ಹೇಳಬೇಕು. ಬರ್ಗನ್ನಿನ ಪಂಡಿತರು ಕಂಡ ಶೀತಮುಖ ನಮ್ಮಲ್ಲಿಗೆ ಬರುವುದಿಲ್ಲವಾದರೂ, ಅದರ ಒಂದು ಪುಟ್ಟ ಮಾದರಿ ನಮ್ಮ ಹೊಲಗಳ ಮೇಲೆಯೇ ಹುಟ್ಟಿ ಒಂದೆರಡು ಗಂಟೆಯಲ್ಲಿ ಸಾಯುತ್ತದೆ. ಅದೇ ಮಳೆಗೆ ಮುಂಚೆ ಬರುವ ಗಾಳಿ.

ಮೋಡದಿಂದ ಮಳೆ ಇಳಿಯುವಾಗ ಹನಿಗಳಲ್ಲಿ ಒಂದು ಭಾಗ ಕೆಳಗಿನ ಒಣ ಗಾಳಿಯಲ್ಲಿ ಆರಿಹೋಗುತ್ತದೆ. ಆರುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದರಿಂದಲೇ. ಹೀಗೆ ತಣಿದು ಭಾರವಾದ ಗಾಳಿ ಮಳೆಯ ಜೊತೆಗೆ ಕೆಳಕ್ಕೆ ಬೀಳುತ್ತದೆ. ನೆಲಕ್ಕೆ ಬಡಿದು, ಬೋಗುಣಿಯ ನೀರನ್ನು ಅಂಗಳಕ್ಕೆ ಚೆಲ್ಲಿದಂತೆ, ನಾಲ್ಕೂ ಕಡೆಗೆ ಹರಡುತ್ತದೆ. ಅದರ ಮುಂದಲೆ ಬಂದು ತಟ್ಟಿದಾಗ ಬಾಗಿಲುಗಳು ದಡದಡನೆ ಬಡಿಯುತ್ತವೆ, ಕೆಮ್ಮಣ್ಣಿನ ಧೂಳು ಗೋಡೆಯಂತೆ ಎದ್ದು ಬರುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಶಾಖ ಹತ್ತು ಡಿಗ್ರಿಯವರೆಗೆ ಇಳಿಯುವುದೂ ಉಂಟು. ಮನೆಯ ಹೆಂಗಸರು ಒಣಹಾಕಿದ ಹುಣಸೆಯ ಹಣ್ಣನ್ನೂ ಬಟ್ಟೆಗಳನ್ನೂ ಎಳೆದು ತರಲು ಓಡುವ ಆ ಕ್ಷಣವೇ ಶೀತಮುಖವೊಂದು ಅಂಗಳವನ್ನು ದಾಟಿದ ಕ್ಷಣ.

ಈ ತಣ್ಣನೆಯ ಗಾಳಿ ಮುಂದೆ ಹೋಗುತ್ತ ಎದುರಿನ ಬಿಸಿ ತೇವದ ಗಾಳಿಯ ಕೆಳಗೆ ನುಸುಳಿ ಅದನ್ನು ಎತ್ತುತ್ತದೆ. ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಕೊಡಿಗೇನಹಳ್ಳಿಯ ಕಡೆ ಸುರಿದ ಮಳೆಯಿಂದ ಹೊರಟ ಗಾಳಿಗೂ ಹೊಳವನಹಳ್ಳಿಯ ಕಡೆಯ ಮಳೆಯಿಂದ ಹೊರಟ ಗಾಳಿಗೂ ನಡುದಾರಿಯಲ್ಲಿ ಡಿಕ್ಕಿಯಾಯಿತೆನ್ನೋಣ. ಅಲ್ಲಿಯ ಹೊಲಗಳಿಗೆ ಮೂರನೆಯದೊಂದು ಮಳೆ ದಕ್ಕುತ್ತದೆ. ಆದರೆ ಈ ಗಾಳಿ ಹಾದುಹೋದ ನೆಲ ತಣ್ಣಗಾಗಿ, ಅಲ್ಲಿ ಅಂದು ಮತ್ತೆ ಮೋಡವೇಳುವುದು ಕಷ್ಟ. ಮಳೆಯಿಲ್ಲದೆ ಬರಿಯ ತಂಗಾಳಿಯನ್ನು ಮಾತ್ರ ಪಡೆದ ಊರಿನವರು ಮಳೆ ಗಾಳಿಗೆ ಹಾರಿಹೋಯಿತೆಂದು ಪೇಚಾಡುವುದು ಇದರಿಂದ. ವಾಸ್ತವವಾಗಿ ಮಳೆ ಹಾರಿಹೋದುದಲ್ಲ. ನೆರೆಯೂರಿನ ಮಳೆಯ ತಂಪು ಬಂದು ಈ ಊರಿನ ಒಲೆಯನ್ನು ಆರಿಸಿತು.

ಆಷಾಢದ ಬರಿಯ ಮೋಡ

ಜೂನ್ ಮೊದಲ ವಾರದಲ್ಲಿ ಮುಂಗಾರು ಕೇರಳದಿಂದ ಏರಿ ಬರುತ್ತದೆ. ಅರಬ್ಬೀ ಸಮುದ್ರವನ್ನು ದಾಟಿ ಬರುವ ಈ ಗಾಳಿ ಸಾಮಾನ್ಯವಾದುದಲ್ಲ. ಆಫ್ರಿಕದ ಪೂರ್ವತೀರದಿಂದ ಹೊರಟು ಒಂದೂವರೆ ಕಿಲೋಮೀಟರಿನ ಎತ್ತರದಲ್ಲಿ ಹೊಳೆಯಂತೆ ಹರಿಯುವ ಇದರ ದಾರಿಯನ್ನು ಫಿಂಡ್ಲೇಟರ್ ಎಂಬವರು ೧೯೬೯ರಲ್ಲಿ ವಿವರವಾಗಿ ಗುರುತಿಸಿದರು. ಇದರ ತೇವಕ್ಕೆ ಕೊರತೆಯಿಲ್ಲ. ಘಟ್ಟ ಇದಕ್ಕೆ ಅಡ್ಡ ನಿಂತು ಎತ್ತುತ್ತದೆ. ಆಗುಂಬೆ ಮೊದಲಾದ ಕಡೆ ಹೊರೆಯೆಲ್ಲ ಇಳಿಯುತ್ತದೆ. ಆಮೇಲೆ ಗಾಳಿ ಬಯಲಿಗಿಳಿಯುತ್ತದೆ. ಇಳಿಯುವ ಗಾಳಿ ಕಾದು ಒಣಗುವುದನ್ನು ಮೊದಲೇ ಹೇಳಿದ್ದೇವೆ. ನಮ್ಮ ತಲೆಯ ಮೇಲೆ ಓಡುವ ಆಷಾಢದ ಮೋಡಗಳು ತೆಳ್ಳನೆಯವು. ಹೊರೆಯಿಳಿಸಿ ಬರಿಗೈಯಲ್ಲಿ ಸಂತೆಯಿಂದ ಹಿಂದಿರುಗುವ ಗಾಡಿಗಳು.

ಇದಲ್ಲದೆ ಇನ್ನೊಂದು ತೊಡಕುಂಟು. ಕೆಳಗೆ ಪಡುವಣದಿಂದ ಬಿರುಸಾದ ಗಾಳಿಯಾದರೆ, ಹದಿನೈದು ಕಿಲೋಮೀಟರಿನ ಎತ್ತರದ ಸುಮಾರಿನಲ್ಲಿ ಮೂಡಣದಿಂದ ಅದಕ್ಕಿಂತಲೂ ಬಿರುಸಾದ ಗಾಳಿ. ೧೯೫೮ರಲ್ಲಿ ನಮ್ಮ ದೇಶದ ವಿಜ್ಞಾನಿ ಪಿ. ಕೋಟೇಶ್ವರಂ ಅವರು ಇದನ್ನು ಲೋಕಕ್ಕೆ ವಿವರಿಸಿದರು. ಮೋಡವೊಂದು ಗೋಪುರವಾಗಿ ಬೆಳೆಯಲು ಹೊರಟರೆ ಬುಡವನ್ನು ಒಂದು ಕಡೆಗೂ ತಲೆಯನ್ನು ಇನ್ನೊಂದು ಕಡೆಗೂ ಎಳೆದಂತಾಗುತ್ತದೆ. ಹೀಗಾಗಿ ಜೂನ್ ಕೊನೆಯಿಂದ ಆಗಸ್ಟ್ ಮೊದಲ ಭಾಗದವರೆಗೆ ನ್ಯೂಸ್ ಪೇಪರುಗಳಲ್ಲಿ ಮುಂಗಾರಿನ ಅಬ್ಬರದ ಸುದ್ದಿಯಿದ್ದರೂ ನಮ್ಮಲ್ಲಿ ಬರುವುದು ತುಂತುರು. ಒಂಟಿ ಗಾಳಿಯ ಆಳಿಕೆಗೆ ಇದು ಎರಡನೆಯ ನಿದರ್ಶನ.

ವಿಚಿತ್ರವೇನೆಂದರೆ, ಉತ್ತರ ದೇಶದಲ್ಲಿ ಮುಂಗಾರು ಬಿಡುವು ಕೊಟ್ಟಾಗ ನಮಗೆ ಮಳೆಯಾಗುವುದುಂಟು. ಮುಂಗಾರಿನ ಅಲ್ಪಭಾರದ ಪಟ್ಟೆ ಗಂಗಾ ಬಯಲನ್ನು ಬಿಟ್ಟು ಹಿಮಾಲಯದ ತಪ್ಪಲಿಗೆ ಸರಿದಾಗ ಘಟ್ಟದ ಮೇಲಣ ಪಡುವಣ ಗಾಳಿ ಸಡಿಲವಾಗುತ್ತದೆ. ಬಂಗಾಳಕೊಲ್ಲಿಯ ತೇವ ಒಳಗೆ ನುಸುಳಲು ಎಡೆ ದೊರೆಯುತ್ತದೆ. ಸಾಯಂಕಾಲಗಳಲ್ಲಿ ಗುಡುಗು ಮಳೆಯಾಗುತ್ತದೆ. ಲೋಕಕ್ಕೆಲ್ಲ ಮಳೆ ನಿಂತಿತೆಂಬ ದಿನಗಳು ನಮಗೆ ಶುಭದಿನಗಳು.

ಮೋಡದ ಈ ಕೊರತೆಯಿಂದಲೂ ಒಂದು ಪ್ರಯೋಜನ ಪಡೆದವರಿದ್ದಾರೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ೧೩೦೦೦ ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಸೌರ ವಿದ್ಯುತ್ತಿನ ಉದ್ಯಾನವನ್ನು ಕಟ್ಟಿ, ೨೦೧೮ರಲ್ಲಿ ಆರಂಭಿಸಿದರು. ಅದರ ಒಟ್ಟು ಸಾಮರ್ಥ್ಯ ೨೦೫೦ ಮೆಗಾವಾಟು. ಮಳೆಯನ್ನು ಕೊಡದ ಆಕಾಶ ಅಲ್ಲಿ ಬಿಸಿಲನ್ನು ಬೆಳೆಯಾಗಿ ಕೊಡುತ್ತಿದೆ.

ಉತ್ತರೆಯಿಂದ ಸ್ವಾತಿಯವರೆಗೆ

ಸೆಪ್ಟೆಂಬರು ತಿಂಗಳಿನಲ್ಲಿ ಪಡುವಣ ಗಾಳಿಯ ಬಲ ಕುಂದುತ್ತದೆ. ಬಂಗಾಳಕೊಲ್ಲಿಯ ಮೂಡಣ ಗಾಳಿ ಇನ್ನೂ ಪ್ರಬಲವಾಗಿಲ್ಲ. ಬಿಡುವವನೂ ಪೂರ್ತಿ ಬಿಟ್ಟಿಲ್ಲ, ಹಿಡಿಯುವವನೂ ಪೂರ್ತಿ ಹಿಡಿದಿಲ್ಲ. ಎರಡೂ ತೇವದ ಗಾಳಿಗಳೇ, ಎರಡೂ ನಮ್ಮ ನೆತ್ತಿಯ ಮೇಲೆ ಕೂಡುತ್ತವೆ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ನಕ್ಷತ್ರಗಳಲ್ಲಿ, ಎಂದರೆ ಸೆಪ್ಟೆಂಬರು ಅಕ್ಟೋಬರುಗಳಲ್ಲಿ, ನಮ್ಮ ಸೀಮೆಗೆ ವರ್ಷದ ಅತಿ ಹೆಚ್ಚಿನ ಮಳೆಯಾಗುವುದು ಇದಕ್ಕಾಗಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ ಮಧುಗಿರಿಗಳ ಮೇಲೆ ಹರಿಯುವ ಜಯಮಂಗಲಿಯಲ್ಲಿ ನೀರು ಕಾಣುವುದೂ, ಸಿರಾ ಸೀಮೆಯ ಕೆರೆಗಳು ಕೋಡಿ ಬೀಳುವ ಆಸೆ ಚಿಗುರುವುದೂ ಆಗಲೇ.

ತರುವಾಯ ಮೂಡಣ ಗಾಳಿ ನೆಲೆಗೊಂಡು ಹಿಂಗಾರು ಬರುತ್ತದೆ. ಆಗಿನ ಮಳೆ ಬಂಗಾಳಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತಗಳನ್ನು ಅವಲಂಬಿಸಿದ್ದು. ೨೦೨೧ರ ನವೆಂಬರಿನಲ್ಲಿ ಒಂದರ ಹಿಂದೊಂದು ಕುಸಿತಗಳು ತಮಿಳುನಾಡಿನ ಉತ್ತರ ತೀರವನ್ನು ದಾಟಿ ಬಂದಾಗ ರಾಜ್ಯದ ದಕ್ಷಿಣ ಒಳನಾಡಿನಲ್ಲೆಲ್ಲ ಅತಿವೃಷ್ಟಿಯಾಗಿ, ಕಟಾವಿಗೆ ನಿಂತ ರಾಗಿ ಹೊಲದಲ್ಲಿಯೇ ಹಾಳಾದುದನ್ನು ಜನರು ಮರೆತಿಲ್ಲ. ಅದಕ್ಕೆ ಎರಡೇ ವರ್ಷದ ಮೇಲೆ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಶಾಂತಸಾಗರದ ನೀರು ಕಾಯುವ ಎಲ್ ನಿನ್ಯೋ ಎಂಬ ವಿಕಾರ ಆ ವರ್ಷ ತಲೆದೋರಿತ್ತು. ಲೋಕದ ಗಾಳಿ ಒಂದು ಡಿಗ್ರಿ ಕಾದರೆ ಅದು ಹೊರಬಲ್ಲ ಆವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಆದುದರಿಂದ ಬಂದರೆ ಭೋರ್ಗರೆಯುವ ಮಳೆಗಳು ಮುಂದೆಯೂ ಹೆಚ್ಚುವ ಸಂಭವವುಂಟು.

ಗೃಹಸ್ಥರಿಗೆ ಕೆಲವು ಮಾತು

ಇಷ್ಟನ್ನು ತಿಳಿದುದರಿಂದ ಮನೆಗೆ ಪ್ರಯೋಜನವೇನು? ಮೊದಲನೆಯದು ಬಿತ್ತನೆಯ ಮಾತು. ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಕಡಲೆಕಾಯಿ ಸುಮಾರು ನಾಲ್ಕು ತಿಂಗಳ ಬೆಳೆ. ಹೂ ಬಿದ್ದ ಮೇಲೆ ಗಿಡದಿಂದ ಸೂಜಿಯಂಥ ಎಳೆಗಳು ಮಣ್ಣಿಗಿಳಿದು ಅಲ್ಲಿ ಕಾಯಾಗಬೇಕು. ಆಗ ನೆಲ ಗಟ್ಟಿಯಾಗಿದ್ದರೆ ಎಳೆ ಇಳಿಯುವುದಿಲ್ಲ. ಮೇ ತಿಂಗಳ ಗುಡುಗು ಮಳೆಯನ್ನು ಮುಂಗಾರೆಂದು ನಂಬಿ ಬಿತ್ತಿದರೆ ಈ ಕಾಲ ಆಷಾಢದ ಒಣ ಗಾಳಿಯ ನಡುವೆ ಬೀಳುತ್ತದೆ. ಜೂನ್ ಕೊನೆಯಲ್ಲಿಯೋ ಜುಲೈಯಲ್ಲಿಯೋ ಹದ ನೋಡಿ ಬಿತ್ತಿದರೆ, ಕಾಯಿ ಕಟ್ಟುವ ಹೊತ್ತಿಗೆ ಗಾಳಿಗಳು ಕೂಡುವ ಕಾಲ ಸಮೀಪಿಸಿರುತ್ತದೆ. ಹಿರಿಯರು ಅಕ್ಕಡಿ ಸಾಲುಗಳಲ್ಲಿ ತೊಗರಿ ಅವರೆಗಳನ್ನು ಸೇರಿಸಿ ಬಿತ್ತುತ್ತಿದ್ದುದರ ವಿವೇಕವೂ ಇಲ್ಲಿಯೇ ಇದೆ: ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋದೀತು, ಇನ್ನೊಂದು ಉಳಿದೀತು. ಎಲ್ಲವೂ ತಪ್ಪಿದ ವರ್ಷ ಸೆಪ್ಟೆಂಬರಿನ ಮಳೆಗೆ ಹುರುಳಿಯುಂಟು.

ಎರಡನೆಯದು ಗಾಳಿಯನ್ನು ನೋಡುವ ಅಭ್ಯಾಸ. ಬೇಸಗೆಯ ಬೆಳಗಿನಲ್ಲಿ ಒಲೆಯ ಹೊಗೆ ಯಾವ ಕಡೆಗೆ ಬಾಗುತ್ತದೆ, ಉಪ್ಪಿನ ಜಾಡಿ ಬೆವರಿದೆಯೇ, ಹಪ್ಪಳ ಮೆತ್ತಗಾಗಿದೆಯೇ ಎಂದು ನೋಡಬೇಕು. ತೆಂಕಣ ಮೂಡಣ ಗಾಳಿಯೂ ತೇವವೂ ಕೂಡಿದ ದಿನ ಮಧ್ಯಾಹ್ನಕ್ಕೆ ಮುಂಚೆ ಕಣದ ಕೆಲಸ ಮುಗಿಸುವುದು ಲೇಸು.

ಮೂರನೆಯದು ಸಿಡಿಲಿನ ಎಚ್ಚರಿಕೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿದರೆ, ಮೂರಕ್ಕೆ ಒಂದು ಕಿಲೋಮೀಟರಿನಂತೆ ದೂರ ತಿಳಿಯುತ್ತದೆ. ಎಣಿಕೆ ಮೂವತ್ತಕ್ಕೆ ಕಡಿಮೆಯಾದರೆ ಹೊಲವನ್ನು ಬಿಟ್ಟು ಭದ್ರವಾದ ಕಟ್ಟಡವನ್ನು ಸೇರಬೇಕು. ಕಡೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಡಬಾರದು. ಒಂಟಿಯಾಗಿ ನಿಂತ ಹುಣಸೆಯ ಮರ, ಹೊಂಗೆಯ ಮರಗಳ ಕೆಳಗೆ ನಿಲ್ಲುವುದು ಮೃತ್ಯುವನ್ನು ಕರೆದಂತೆ. ಮಳೆ ಇನ್ನೂ ದೂರವಿದೆಯೆಂದು ಉದಾಸೀನ ಮಾಡಬಾರದು; ಮಳೆಗಾಳಿ ತಟ್ಟಿತೆಂದರೆ ಸಿಡಿಲೂ ತಟ್ಟುವಷ್ಟು ಸಮೀಪದಲ್ಲಿದೆ.

ನಾಲ್ಕನೆಯದು ಲೆಕ್ಕ. ನೆಟ್ಟಗಿರುವ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿ ಮರ ಮಾಡುಗಳಿಂದ ದೂರವಾಗಿಟ್ಟು, ಪ್ರತಿದಿನ ಬೆಳಿಗ್ಗೆ ನಿಂತ ನೀರನ್ನು ಅಳತೆಗೋಲಿನಿಂದ ಅಳೆದು ಪಂಚಾಂಗದ ಅಂಚಿನಲ್ಲಿ ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಎರಡೂವರೆ ಮಿಲ್ಲಿಮೀಟರಾದರೂ ಬಿದ್ದರೆ ಅದು ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ. ಒಂದು ಅಂಗುಲ ಮಳೆ ಬಂದರೆ ಒಂದು ಎಕರೆಯ ಮೇಲೆ ಒಂದು ಲಕ್ಷ ಲೀಟರಿಗೂ ಮೀರಿದ ನೀರು ಬಿದ್ದಂತೆ. ಹತ್ತು ಮೀಟರು ಉದ್ದ ಹತ್ತು ಮೀಟರು ಅಗಲದ ಮಾಳಿಗೆಯ ಮೇಲೆ ೨೫೦೦ ಲೀಟರು. ಇಷ್ಟನ್ನು ಬೀದಿಗೆ ಬಿಟ್ಟು, ಮೂರು ದಿನದ ಮೇಲೆ ನೀರಿನ ಲಾರಿಗೆ ಕಾಯುವುದು ಯಾವ ಗೃಹಕೃತ್ಯ? ಬರದ ಉಸ್ತುವಾರಿಗಾಗಿ ೧೯೮೮ರಲ್ಲಿ ಆರಂಭವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾದ ಸಂಸ್ಥೆಯವರು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ತಾವಾಗಿಯೇ ವರದಿ ಕಳುಹಿಸುವ ಮಳೆಮಾಪಕಗಳನ್ನು ಇರಿಸಿದ್ದಾರೆ. ವರುಣಮಿತ್ರವೆಂಬ ಸಹಾಯವಾಣಿಯ ಮೂಲಕ ರೈತರಿಗೆ ಮುನ್ಸೂಚನೆಯನ್ನೂ ಹೇಳುತ್ತ ಬಂದಿದ್ದಾರೆ. ಆದರೂ ಮಳೆಗಾಳಿಯ ಆಟ ಒಂದೊಂದು ಊರಿಗೆ ಒಂದೊಂದು ಬಗೆ. ತಮ್ಮ ಹೊಲದ ಮೇಲೆ ಬಿದ್ದುದೆಷ್ಟೆಂಬುದನ್ನು ತಾವೇ ಬರೆದಿಟ್ಟ ಮನೆಗೆ ಹತ್ತು ವರ್ಷದಲ್ಲಿ ಅದೊಂದು ಆಸ್ತಿಯಾಗುತ್ತದೆ.

ಹಿರಿಯರು ನಕ್ಷತ್ರಗಳ ಹೆಸರಿನಲ್ಲಿ ಮಳೆಗಳನ್ನು ಗುರುತಿಟ್ಟುಕೊಂಡರು. ವಿಜ್ಞಾನವು ಅದೇ ಮಳೆಗಳನ್ನು ಗಾಳಿಗಳ ಹೆಸರಿನಲ್ಲಿ ಗುರುತಿಸುತ್ತದೆ. ಭರಣಿಗೆ ಒಣ ಗಾಳಿ ತೇವದ ಗಾಳಿಗಳ ಕೂಟ, ಹಸ್ತ ಚಿತ್ತೆಗಳಿಗೆ ಪಡುವಣ ಮೂಡಣಗಳ ಕೂಟ. ನಡುವಣ ಆಷಾಢಕ್ಕೆ ಒಂಟಿ ಗಾಳಿ. ಇಷ್ಟನ್ನು ನೆನಪಿನಲ್ಲಿಟ್ಟ ಗೃಹಸ್ಥನು ಮಳೆಯನ್ನು ತರಿಸಲಾರನು, ನಿಜ. ಆದರೆ ಮೊದಲ ಮಳೆಗೆ ಮರುಳಾಗಿ ಮನೆಯ ಬೀಜವನ್ನೆಲ್ಲ ನೆಲಕ್ಕೆ ಸುರಿಯಲಾರನು. ಆಷಾಢದ ಬರಿಯ ಮೋಡಕ್ಕೆ ಎದೆಗುಂದಿ ಹೊಲವನ್ನು ಪಾಳುಬಿಡಲೂ ಆರನು.